ಬೇಸ್ ಎಲ್ಲಿ ಹೋಯ್ತು? ಸಬ್, ಟಾಪ್ ಹೊಂದಿಸುವುದು ಹೀಗೆ

ಗಣೇಶನ ಹಬ್ಬದ ಆರ್ಕೆಸ್ಟ್ರಾ ಒಂದಕ್ಕೆ ಸೌಂಡ್ ಹಾಕಿದ್ದೆವು. ಹಾಡುವವರ ದನಿ ಸ್ಪಷ್ಟವಾಗಿತ್ತು, ಕೀಬೋರ್ಡ್ ಚೆನ್ನಾಗಿ ಕೇಳುತ್ತಿತ್ತು. ಆದರೆ ಕಿಕ್ ಡ್ರಮ್ ಮಾತ್ರ ರಟ್ಟಿನ ಡಬ್ಬ ಬಡಿದ ಹಾಗೆ. ಸಬ್, ಅಂದರೆ ಬೇಸ್ ಕೊಡುವ ದೊಡ್ಡ ಬಾಕ್ಸ್, ಏರಿಸಿದೆ. ಇನ್ನೂ ಏರಿಸಿದೆ. ಆಂಪ್ಲಿಫೈಯರ್‌ನ ಕೆಂಪು ದೀಪ ಮಿನುಗಿತು, ಮುಂದಿನ ಸಾಲಿನ ಅಜ್ಜಿಯೊಬ್ಬರು ಕಿವಿ ಮುಚ್ಚಿಕೊಂಡು ಎದ್ದು ಹೋದರು. ಮಿಕ್ಸರ್ ಹತ್ತಿರ ಮಾತ್ರ ಅದೇ ಡಬ್ಬ.

ಕೊನೆಗೆ ಟೇಪ್ ಹಿಡಿದು ಅಳೆದೆ. ಸಬ್‌ಗಳು ಟಾಪ್‌ಗಳಿಗಿಂತ, ಅಂದರೆ ದನಿ, ಕೀಬೋರ್ಡ್ ಕೇಳಿಸುವ ಬಾಕ್ಸ್‌ಗಳಿಗಿಂತ, 2 ಮೀಟರ್ ಮುಂದಿದ್ದವು. ಸದ್ದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಅಂದರೆ ಸಬ್‌ನ ಸದ್ದು ಹೆಚ್ಚುಕಮ್ಮಿ 6 ಮಿಲಿಸೆಕೆಂಡ್ ಮುಂಚೆಯೇ ಬಂದುಬಿಡುತ್ತಿತ್ತು. ನಮ್ಮ ಕ್ರಾಸೋವರ್, ಅಂದರೆ ಸಬ್‌ನ ಕೆಲಸ ಮುಗಿದು ಟಾಪ್‌ನದ್ದು ಶುರುವಾಗುವ ಗಡಿ, 90 ಹರ್ಟ್ಸ್. ಅಲ್ಲಿ ಒಂದು ಅಲೆಗೆ 11 ಮಿಲಿಸೆಕೆಂಡ್, ಅರ್ಧಕ್ಕೆ ಐದೂವರೆ. ಒಂದು ಬಾಕ್ಸ್‌ನ ಸದ್ದು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದರದ್ದು ಎಳೆಯುತ್ತಿತ್ತು. ಎಷ್ಟು ಏರಿಸಿದರೇನು, ಬೇಸ್ ಬರಬೇಕಲ್ವಾ?

ಹೊಂದಿಸುವುದು ಕಷ್ಟವಲ್ಲ. ಜನ ಬರುವ ಮುಂಚೆ ಅರ್ಧ ಗಂಟೆ ಸಿಕ್ಕರೆ ಸಾಕು.

ಮೊದಲು ಬಲಗಡೆಯ ಟಾಪ್, ಸಬ್ ಎರಡನ್ನೂ ಮ್ಯೂಟ್ ಮಾಡಿ. ಎರಡೂ ಕಡೆ ಒಟ್ಟಿಗೆ ಹಾಕಿದರೆ ಲೆಕ್ಕವೇ ತಪ್ಪುತ್ತದೆ. ಮಿಕ್ಕ ಕೆಲಸವೆಲ್ಲ ಜನ ಕೂರುವ ಜಾಗದ ನಡುವೆ ನಿಂತು ಮಾಡಬೇಕು. ಸ್ಟೇಜ್ ಪಕ್ಕ ನಿಂತು ಹೊಂದಿಸಿದ್ದು ಅಲ್ಲಿ ಮಾತ್ರ ಸರಿಯಿರುತ್ತದೆ.

ಕ್ರಾಸೋವರ್ ಎಷ್ಟಿದೆಯೋ ಅಷ್ಟೇ ಹರ್ಟ್ಸ್‌ನ ಟೋನ್ ಹಾಕಿ. ಟಾಪ್ ಒಂದನ್ನೇ, ಆಮೇಲೆ ಸಬ್ ಒಂದನ್ನೇ ಕೇಳಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಅಳೆಯಲು ಫೋನಿನ ಡೆಸಿಬೆಲ್ ಆ್ಯಪ್ ನಡೆಯುತ್ತದೆ. ಅದು ತೋರಿಸುವ ಅಂಕಿ ನಿಜವಲ್ಲದಿರಬಹುದು, ಆದರೆ ನಮಗೆ ಬೇಕಿರುವುದು ಹೋಲಿಕೆ ಅಷ್ಟೇ.

ಈಗ ಡಿಲೇ, ಅಂದರೆ ಸದ್ದನ್ನು ಬೇಕೆಂದೇ ತಡ ಮಾಡುವುದು. ನೀವು ನಿಂತ ಜಾಗದಿಂದ ಎರಡೂ ಬಾಕ್ಸ್‌ಗಳಿಗೆ ಟೇಪ್ ಹಿಡಿಯಿರಿ. ಯಾವುದು ಹತ್ತಿರವೋ ಅದಕ್ಕೆ, ಎರಡರ ದೂರದ ವ್ಯತ್ಯಾಸದಲ್ಲಿ ಪ್ರತಿ 34 ಸೆಂ.ಮೀ.ಗೆ 1 ಮಿಲಿಸೆಕೆಂಡಿನಂತೆ ಡಿಲೇ ಕೊಡಿ. ಇದು ಆರಂಭ ಮಾತ್ರ. ಬಾಕ್ಸ್ ಒಳಗಿನ ಫಿಲ್ಟರ್‌ಗಳೂ ಒಂದಿಷ್ಟು ತಡ ಮಾಡುತ್ತವೆ, ಅದು ಟೇಪಿಗೆ ಸಿಗುವುದಿಲ್ಲ.

ಅದನ್ನು ಹಿಡಿಯಲು ನನಗಿಷ್ಟವಾದ ಉಪಾಯ ಉಲ್ಟಾ ಮಾಡುವುದು. ಸಬ್‌ನ ಪೋಲಾರಿಟಿ ತಿರುಗಿಸಿ, ಅಂದರೆ ತಳ್ಳುವ ಹೊತ್ತಿಗೆ ಎಳೆಯುವಂತೆ ಮಾಡಿ, ಎರಡನ್ನೂ ಒಟ್ಟಿಗೆ ಹಾಕಿ. ಡಿಲೇಯನ್ನು ಅರ್ಧರ್ಧ ಮಿಲಿಸೆಕೆಂಡ್ ಆಚೀಚೆ ಮಾಡುತ್ತಾ ಕೇಳಿ. ಒಂದು ಕಡೆ ಟೋನ್ ಪಟ್ಟನೆ ಕುಸಿಯುತ್ತದೆ, ಯಾರೋ ಕಂಬಳಿ ಹೊದಿಸಿದ ಹಾಗೆ. ಅಲ್ಲೇ ನಿಲ್ಲಿಸಿ, ಪೋಲಾರಿಟಿ ವಾಪಸ್ ತಿರುಗಿಸಿ. ಈಗ ಸದ್ದು ಒಂದೇ ಬಾಕ್ಸ್ ಇದ್ದಾಗಿನದಕ್ಕಿಂತ 6 ಡೆಸಿಬೆಲ್‌ವರೆಗೂ ಜಾಸ್ತಿಯಾಗುತ್ತದೆ. ಜೋರಾದ ಜಾಗ ಹುಡುಕಲು ಹೋದರೆ ಕಿವಿ ಮೋಸ ಹೋಗುತ್ತದೆ. ಕುಸಿದ ಜಾಗ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಟೇಪಿನ ಲೆಕ್ಕದಿಂದ ತುಂಬಾ ದೂರ ಹೋಗಬೇಡಿ. ಪೂರ್ತಿ ಒಂದು ಅಲೆ ಆಚೆಗೂ ಇನ್ನೊಂದು ಕುಸಿತ ಸಿಗುತ್ತದೆ, ಅದು ಸುಳ್ಳು.

ಅದೇ ಅಂಕಿಗಳನ್ನು ಬಲಗಡೆಗೂ ಹಾಕಿ. ಮಿಕ್ಸರ್‌ನಲ್ಲಿ ಡಿಲೇ ಇಲ್ವಾ? ಸುಮ್ನೆ ಸಬ್‌ಗಳನ್ನು ಹಿಂದಕ್ಕೆ ತಳ್ಳಿ, ಟಾಪ್‌ಗಳ ಸಾಲಿಗೆ ತನ್ನಿ. ಬೆನ್ನು ನೋಯುತ್ತದೆ, ಖರ್ಚಿಲ್ಲ.

ಆ ರಾತ್ರಿ ನಾನು ಮಾಡಿದ್ದೂ ಅದೇ. ಎರಡು ಹಾಡಿನ ನಡುವೆ ನಾಲ್ಕು ಜನ ಸೇರಿ ತಳ್ಳಿದೆವು. ಆಮೇಲೆ ಏರಿಸಿದ್ದ ಸಬ್ಬನ್ನು ಇಳಿಸಬೇಕಾಯ್ತು.