ಬಾಯಿ ವಾಸನೆಗೆ ಕೆ12 ಮಾತ್ರೆ: ನಾನು ಅನುಸರಿಸಿದ ಕ್ರಮ

ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಮಾತ್ರೆ ತಂದು ಬರೀ ಚೀಪಿದರೆ ಬಾಯಿ ವಾಸನೆ ಹೋಗುವುದಿಲ್ಲ. ನಾಲಿಗೆಯ ಹಿಂಭಾಗದಲ್ಲಿ ಆಗಲೇ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳನ್ನು ಎಬ್ಬಿಸದೆ ಹೊಸದಕ್ಕೆ ಜಾಗವೇ ಸಿಗುವುದಿಲ್ಲ. ಅದಕ್ಕೇ ನನ್ನ ಕ್ರಮದಲ್ಲಿ ಮಾತ್ರೆಯ ಸರದಿ ಕೊನೆಗೆ.

ನಾನು ಬಳಸಿದ್ದು ಸ್ಟ್ರೆಪ್ಟೊಕಾಕಸ್ ಸಲೈವೇರಿಯಸ್ ಕೆ12 ಎಂಬ ಬ್ಯಾಕ್ಟೀರಿಯಾ ಇರುವ ಮಾತ್ರೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಜಾನ್ ಟ್ಯಾಗ್ ಗುರುತಿಸಿದ ತಳಿ ಇದು. ಈ ಜಾತಿ ನಮ್ಮೆಲ್ಲರ ಬಾಯಲ್ಲೂ ಇರುತ್ತದೆ. ಕೆ12 ತಳಿಯಾದರೋ ಸಲೈವೇರಿಸಿನ್ ಎಂಬ ಎರಡು ಬಗೆಯ ಪ್ರೋಟೀನ್ ಸ್ರವಿಸಿ ಪಕ್ಕದ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಮೊಸರು, ಮಜ್ಜಿಗೆ ಸಾಲದೇ ಅಂದರೆ, ಸಾಲದು. ಅವುಗಳಲ್ಲಿರುವ ಬ್ಯಾಕ್ಟೀರಿಯಾ ನಾಲಿಗೆಯ ಮೇಲೆ ನೆಲೆ ನಿಲ್ಲುವುದಿಲ್ಲ.

ವಾಸನೆ ಎಲ್ಲಿಂದ ಅಂತ ಮೊದಲು ನೋಡಬೇಕು. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಚಮಚ ಮಗುಚಿ ನಾಲಿಗೆಯ ಹಿಂಭಾಗವನ್ನು ಕೆರೆದು, ಹತ್ತು ಸೆಕೆಂಡ್ ಆರಲು ಬಿಟ್ಟು ಮೂಸಿ. ಹಳದಿ ಲೋಳೆ ಬಂದು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಮೂಲ ನಾಲಿಗೆಯೇ. ಫ್ಲಾಸ್ ದಾರ ನಾರಿದರೆ, ಒಸಡಲ್ಲಿ ರಕ್ತ ಬಂದರೆ ಮೊದಲು ದಂತವೈದ್ಯರ ಹತ್ತಿರ ಪಾಚಿ ತೆಗೆಸಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟಾಗಲೂ ನಾರಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಈ ಎರಡಕ್ಕೂ ಕೆ12 ನೆಚ್ಚಿ ಕೂರಬಾರದು.

ಆಮೇಲೆ ಮೂರು ದಿನದ ಶುದ್ಧಿ. ಬೆಳಿಗ್ಗೆ, ರಾತ್ರಿ ಟಂಗ್ ಕ್ಲೀನರ್ ಅನ್ನು ಆದಷ್ಟು ಹಿಂದಿನಿಂದ ಮುಂದಕ್ಕೆ, ಹಗುರವಾಗಿ ನಾಲ್ಕೈದು ಸಲ ಎಳೆಯಬೇಕು. ನಾಲಿಗೆ ಪೂರ್ತಿ ಹೊರಚಾಚಿ ಉಸಿರು ಬಿಡುತ್ತಾ ಎಳೆದರೆ ಓಕರಿಕೆ ಕಡಿಮೆ. ರಕ್ತ ಬರುವಷ್ಟು ಒತ್ತಿದರೆ ಗಾಯವಾಗುತ್ತದೆ, ಅಷ್ಟೆ. ನಂತರ 0.2% ಕ್ಲೋರ್‌ಹೆಕ್ಸಿಡಿನ್ (ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್) 10 ಮಿ.ಲೀ. ಬಾಯಲ್ಲಿಟ್ಟು ಒಂದು ನಿಮಿಷ ಮುಕ್ಕಳಿಸಬೇಕು. ಕೊನೆಯ ಹದಿನೈದು ಸೆಕೆಂಡ್ ತಲೆ ಹಿಂದಕ್ಕೆ ಬಾಗಿಸಿ ಗಳಗಳಿಸದಿದ್ದರೆ ಅದು ಬೇಕಾದ ಜಾಗಕ್ಕೇ ಮುಟ್ಟುವುದಿಲ್ಲ. ಬ್ರಷ್ ಮಾಡಿದ ತಕ್ಷಣ ಇದನ್ನು ಬಳಸಬೇಡಿ. ಪೇಸ್ಟಿನ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಔಷಧಿಯನ್ನು ಕೆಡಿಸುತ್ತದೆ. ಅರ್ಧ ಗಂಟೆ ಅಂತರ ಬೇಕು. ಚೆನ್ನಾಗಿದೆ ಅಂತ ವಾರಗಟ್ಟಲೆ ಮುಂದುವರಿಸಿದವರ ಹಲ್ಲಿಗೆ ಕಂದು ಕಲೆ ಹತ್ತುತ್ತದೆ, ಕಾಫಿ ಕುಡಿಯುವವರಿಗೆ ಇನ್ನೂ ಬೇಗ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕ್ಲೋರ್‌ಹೆಕ್ಸಿಡಿನ್ ಬಾಯಲ್ಲಿ ಗಂಟೆಗಟ್ಟಲೆ ಅಂಟಿಕೊಂಡಿದ್ದು, ಮೇಲೆ ಹಾಕಿದ ಕೆ12 ಅನ್ನೂ ಕೊಲ್ಲುತ್ತದೆ. ಮೂರನೇ ದಿನ ಬೆಳಿಗ್ಗೆಗೇ ಅದನ್ನು ನಿಲ್ಲಿಸಿ, ಅವತ್ತು ರಾತ್ರಿ ಮೊದಲ ಮಾತ್ರೆ. ಬ್ರಷ್ ಮಾಡಿ, ಬರೀ ನೀರಲ್ಲಿ ಚೆನ್ನಾಗಿ ಮುಕ್ಕಳಿಸಿ, ಮಾತ್ರೆಯನ್ನು ಕಚ್ಚದೆ ನಾಲಿಗೆಯ ಮೇಲೆ ಅತ್ತಿತ್ತ ಹೊರಳಿಸುತ್ತಾ ಪೂರ್ತಿ ಕರಗಿಸಬೇಕು. ಮೇಲೆ ನೀರು ಕುಡಿಯದೆ ಮಲಗಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಗಾಗಿ ತೊಳೆದುಹೋಗುವುದಿಲ್ಲ. ಮೊದಲ ನಾಲ್ಕು ದಿನ ತಿಂಡಿಯಾದ ಮೇಲೂ ಒಂದು, ಆಮೇಲೆ ತಿಂಗಳವರೆಗೆ ರಾತ್ರಿ ಮಾತ್ರ. ನುಂಗುವ ಕ್ಯಾಪ್ಸೂಲ್ ಇದಕ್ಕೆ ದಂಡ. ಲೇಬಲ್ಲಿನಲ್ಲಿ ಕೆ12 ಅಂತ ಸ್ಪಷ್ಟವಾಗಿರಲಿ. ನಾನು ಆರಿಸಿದ್ದು ಮಾತ್ರೆಗೆ 100 ಕೋಟಿ ಜೀವಂತ ಕೋಶಗಳಿರುವುದು. ಕೆಲವದರಲ್ಲಿ ಹಾಲಿನ ಪುಡಿ ಇರುತ್ತದೆ, ಅಲರ್ಜಿಯವರು ನೋಡಿಕೊಳ್ಳಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಡಬ್ಬಿ ಫ್ರಿಜ್ಜಿನಲ್ಲೇ ಇರಬೇಕು, ಸೆಕೆಗೆ ಕೋಶಗಳು ಸಾಯುತ್ತವೆ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

2006ರಲ್ಲಿ ಪ್ರಕಟವಾದ, 23 ಜನರ ಮೇಲಿನ ಪ್ರಯೋಗದಲ್ಲೂ ಮೂರು ದಿನದ ಕ್ಲೋರ್‌ಹೆಕ್ಸಿಡಿನ್ ಆದ ಮೇಲೆಯೇ ಮಾತ್ರೆ ಕೊಟ್ಟಿದ್ದು. ವಾರದಲ್ಲಿ ಕೆ12 ಗುಂಪಿನ 85% ಜನರಲ್ಲಿ ದುರ್ವಾಸನೆಯ ಗಂಧಕದ ಅನಿಲ ಗಣನೀಯವಾಗಿ ಇಳಿದಿತ್ತು, ಕೆ12 ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ 30% ಜನರಿಗೆ ಮಾತ್ರ. ಪ್ರಯೋಗ ಚಿಕ್ಕದು, ಪವಾಡ ಅಂದುಕೊಳ್ಳಬೇಡಿ. ಬೆಳ್ಳುಳ್ಳಿಯ ವಾಸನೆಯಂತೂ ರಕ್ತದಿಂದ ಶ್ವಾಸಕೋಶಕ್ಕೆ ಬರುವಂಥದ್ದು, ಅದರ ಮುಂದೆ ಯಾವ ಮಾತ್ರೆಯೂ ನಡೆಯದು.

ಕೆ12 ಖಾಯಂ ಉಳಿಯುವುದಿಲ್ಲ, ನಿಲ್ಲಿಸಿದರೆ ವಾರಗಳಲ್ಲಿ ಕರಗುತ್ತದೆ. ತಿಂಗಳಾದ ಮೇಲೆ ದಿನ ಬಿಟ್ಟು ದಿನ ಒಂದು ಮಾತ್ರೆ ಸಾಕು, ನಾಲಿಗೆ ಕೆರೆಯುವುದು ಮಾತ್ರ ದಿನಾ. ನಡುವೆ ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ತೆಗೆದುಕೊಂಡರೆ ಕೆ12 ಸಾಯುತ್ತದೆ. ಕೋರ್ಸ್ ಮುಗಿದ ಮೇಲೆ ಕ್ಲೋರ್‌ಹೆಕ್ಸಿಡಿನ್ ಬೇಡ, ನಾಲಿಗೆ ಕೆರೆದು ನೇರ ಮಾತ್ರೆಯಿಂದಲೇ ಶುರುಮಾಡಿ.