ನಳ ಬರುವ ಹಿಂದಿನ ದಿನ

ಧಾರವಾಡದ ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ. ಒಮ್ಮೊಮ್ಮೆ ಎಂಟು ದಿನ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಸವದತ್ತಿಯ ಮಲಪ್ರಭಾ ಜಲಾಶಯದಿಂದ ಇಷ್ಟು ದೂರ ಬರುವ ನೀರು, ಚೆಲ್ಲಲು ಮನಸ್ಸೇ ಬರುವುದಿಲ್ಲ. ಅದಕ್ಕೇ ಬ್ಯಾರಲ್‌ನಲ್ಲಿ ಅರ್ಧ ಹಳೆ ನೀರು ಉಳಿದಿದ್ದರೂ ಅದರ ಮೇಲೆಯೇ ಹೊಸದನ್ನು ತುಂಬುತ್ತಿದ್ದೆ. ವರ್ಷಗಟ್ಟಲೆ ಹಾಗೇ ನಡೆದಿತ್ತು.

2024ರ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಬಂತು. ಆರು ದಿನ ಜ್ವರ ಬಿಡಲಿಲ್ಲ. ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಆಶಾ ಕಾರ್ಯಕರ್ತೆ ಬಂದರು. ಹಿತ್ತಲಿನ ಬ್ಯಾರಲ್‌ಗೆ ಟಾರ್ಚ್ ಬಿಟ್ಟು ನೋಡಿ, "ಅಕ್ಕಾರ, ನೀರು ಸ್ವಚ್ಛನ ಅದಾವ. ಆದ್ರ ಹುಳ ಆಗ್ಯಾವ ನೋಡ್ರಿ" ಎಂದರು. ಕನ್ನಡಿಯಂಥ ನೀರಿನಲ್ಲಿ ಸಣ್ಣ ಸಣ್ಣ ಹುಳ ಮೇಲೆ ಕೆಳಗೆ ಆಡುತ್ತಿದ್ದವು. ನನ್ನ ಕೈಕಾಲು ತಣ್ಣಗಾದವು.

ಅವರು ಹೇಳಿದ ಒಂದು ಮಾತು ನನಗೆ ಗೊತ್ತೇ ಇರಲಿಲ್ಲ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬ್ಯಾರಲ್‌ನ ಒಳಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ಮೇಲೇರಿ ಮುಟ್ಟಿದಾಗ ಒಡೆಯುತ್ತದೆ. ಅಂದರೆ ಹಳೆ ನೀರಿನ ಮೇಲೆ ಹೊಸ ನೀರು ತುಂಬಿದಾಗಲೆಲ್ಲ ನಾನೇ ಮೊಟ್ಟೆ ಒಡೆಸುತ್ತಿದ್ದೆ! ಮೊಟ್ಟೆ ಸೊಳ್ಳೆಯಾಗಲು ಬೇಕಾಗುವುದು ಸುಮಾರು ಎಂಟು ಹತ್ತು ದಿನ. ನಮ್ಮ ನಳದ ಲೆಕ್ಕವೂ ಅಷ್ಟೇ ಅಲ್ವಾ?

ಆಮೇಲೆ ಇಡೀ ಪದ್ಧತಿಯನ್ನೇ ಬದಲಿಸಿದೆ. ಈಗ ನಮ್ಮಲ್ಲಿ 200 ಲೀಟರಿನ ಮೂರು ಬ್ಯಾರಲ್ ಇವೆ. ಬಚ್ಚಲಿಗೆ ಬೋರಿನ ನೀರು ಇರುವುದರಿಂದ ಅಡುಗೆ, ಕುಡಿಯಲು, ಪಾತ್ರೆಗೆ ನಾಲ್ಕು ಜನಕ್ಕೆ ಇಷ್ಟು ಸಾಕು. ಮೂರರಿಂದಲೂ ಸ್ವಲ್ಪ ಸ್ವಲ್ಪ ತೆಗೆಯುವುದಿಲ್ಲ. ಒಂದು ಪೂರ್ತಿ ಖಾಲಿಯಾದ ಮೇಲೆಯೇ ಇನ್ನೊಂದು. ಖಾಲಿಯಾದದ್ದನ್ನು ಅಡ್ಡ ಮಲಗಿಸಿ, ತೆಂಗಿನ ನಾರಿನಿಂದ ಒಳಗೋಡೆಯನ್ನು ಗಟ್ಟಿಯಾಗಿ ತಿಕ್ಕಿ, ತೊಳೆದು, ಬಿಸಿಲಿಗೆ ಬೋರಲು ಹಾಕುತ್ತೇನೆ. ಸುಮ್ನೆ ನೀರು ಹಾಕಿ ಕುಲುಕಿದರೆ ಮೊಟ್ಟೆ ಹೋಗುವುದಿಲ್ಲ. ಕೊನೆಯ ಬ್ಯಾರಲ್‌ನಲ್ಲಿ ಉಳಿದದ್ದನ್ನು ನಳ ಬರುವ ಹಿಂದಿನ ದಿನ ಬಟ್ಟೆ ಒಗೆಯಲು ಬಳಸಿ, ಅದನ್ನೂ ತಿಕ್ಕುತ್ತೇನೆ. ತಿಂಗಳಿಗೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವುದುಂಟು. ಅದರ ಜೊತೆ ಆ್ಯಸಿಡ್ ಆಗಲಿ, ಟಾಯ್ಲೆಟ್ ಕ್ಲೀನರ್ ಆಗಲಿ ಬೆರೆಸಲೇಬೇಡಿ. ವಿಷದ ಗಾಳಿ ಏಳುತ್ತದೆ.

ನಳ ಬಂದಾಗ ಮೊದಲ ಹತ್ತು ನಿಮಿಷದ ನೀರನ್ನು ಬಕೆಟ್‌ಗೆ ಹಿಡಿದು ಗಿಡಕ್ಕೆ ಹಾಕುತ್ತೇನೆ. ಪೈಪು ಇಷ್ಟು ದಿನ ಖಾಲಿ ಇದ್ದಾಗ ಬಿರುಕುಗಳಿಂದ ಹೊರಗಿನ ಹೊಲಸು ಒಳಗೆ ಸೇರಿರುತ್ತದೆ.

ಬ್ಯಾರಲ್ ಕೊಳ್ಳುವಾಗಲೂ ನಾನೊಮ್ಮೆ ಮೋಸ ಹೋಗಿದ್ದೇನೆ. ಅಗ್ಗಕ್ಕೆ ಸಿಕ್ಕಿತೆಂದು ಗುಜರಿಯಿಂದ ಔಷಧದ ವಾಸನೆ ಹೊಡೆಯುತ್ತಿದ್ದ ನೀಲಿ ಬ್ಯಾರಲ್ ತಂದಿದ್ದೆ. ಸಾಬೂನು, ಹುಣಸೆಹಣ್ಣು, ಬಿಸಿಲು ಎಲ್ಲ ಆಯಿತು. ಮೂರನೇ ದಿನ ನೀರಿನಲ್ಲಿ ಅದೇ ಔಷಧದ ವಾಸನೆ. ಪ್ಲಾಸ್ಟಿಕ್ ತನ್ನೊಳಗೆ ಹೀರಿಕೊಂಡ ರಾಸಾಯನಿಕ ತೊಳೆದರೆ ಹೋಗುವುದಿಲ್ಲ. ಏನಿತ್ತು ಅಂತ ಗೊತ್ತಿಲ್ಲದ ಬ್ಯಾರಲ್ ಕುಡಿಯುವ ನೀರಿಗೆ ಬೇಡವೇ ಬೇಡ. ಹೊಸದು ತಗೊಳ್ಳಿ. ತಳದಲ್ಲಿ ಲೋಟ ಮತ್ತು ಫೋರ್ಕಿನ ಗುರುತು ಇದ್ದರೆ ಅದು ಆಹಾರಕ್ಕೆ ಬಳಸುವ ಪ್ಲಾಸ್ಟಿಕ್. ಬೆಳಕು ಹಾಯದ ಗಾಢ ಬಣ್ಣದ್ದಾದರೆ ಪಾಚಿ ಕಟ್ಟುವುದಿಲ್ಲ. ತುಂಬಿದ ಬ್ಯಾರಲ್ 200 ಕಿಲೋ ತೂಗುತ್ತದೆ, ಆಮೇಲೆ ಸರಿಸಲಾಗುವುದಿಲ್ಲ. ನಮ್ಮವು ಹಿತ್ತಲಿನ ನೆರಳಿನಲ್ಲಿ, ಸಮವಾದ ಕಲ್ಲಿನ ಕಟ್ಟೆಯ ಮೇಲೆ ಇವೆ.

ಮೂರೂ ಬ್ಯಾರಲ್‌ಗೆ ಪ್ಲಂಬರ್ ಹತ್ತಿರ ತಳದಿಂದ ನಾಲ್ಕು ಇಂಚು ಮೇಲೆ ಸಣ್ಣ ನಳ ಹಾಕಿಸಿದ್ದೇನೆ. ಕೆಸರು ಕೆಳಗೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರೂ ತಂಬಿಗೆ ಅದ್ದುವುದಿಲ್ಲ. ಮೊದಲು ಮನೆಯಲ್ಲಿ ಎಲ್ಲರ ಕೈಯೂ ಆ ನೀರಿಗೆ ಬೀಳುತ್ತಿತ್ತು. ಎಷ್ಟು ಶುದ್ಧ ನೀರು ತುಂಬಿದರೂ ಅದ್ದಿದ ಕೈಯಿಂದ ಕೆಡುತ್ತದೆ. ಆದರೂ ಕುಡಿಯುವ ಮುಂಚೆ ಕುದಿಸುತ್ತೇವೆ. ಬಟ್ಟೆಯಲ್ಲಿ ಸೋಸಿದರೆ ಮಣ್ಣು ನಿಲ್ಲುತ್ತದೆ, ರೋಗಾಣು ನಿಲ್ಲುವುದಿಲ್ಲ.

ಮುಚ್ಚಳದ ಕೆಳಗೆ ದಪ್ಪ ಹತ್ತಿಬಟ್ಟೆ, ಅದಕ್ಕೆ ಸುತ್ತಲೂ ಇಲಾಸ್ಟಿಕ್ ಹೊಲಿದಿದ್ದೇನೆ. ಮುಚ್ಚಳ ಒಂದು ಬೆರಳಷ್ಟು ಸರಿದಿದ್ದರೂ ಸೊಳ್ಳೆಗೆ ಸಾಕು. ತಂಗಿ ತನ್ನ ಎರಡು ವರ್ಷದ ಮಗನನ್ನು ಕರೆತಂದಾಗ ಮುಚ್ಚಳದ ಮೇಲೆ ಕಲ್ಲನ್ನೂ ಹೇರಿ, ಹತ್ತಿರ ಸ್ಟೂಲ್ ಇಲ್ಲದಂತೆ ನೋಡಿಕೊಳ್ಳುತ್ತೇನೆ. ಊರಿಗೆ ಹೊರಟರೆ ಮೂರೂ ಬ್ಯಾರಲ್ ಖಾಲಿ ಮಾಡಿ, ತಿಕ್ಕಿ, ಬೋರಲು ಹಾಕಿಯೇ ಬೀಗ ಹಾಕುವುದು. ಉಳಿದ ನೀರು ಪಕ್ಕದ ಮನೆಯವರಿಗೆ.