ಎಲ್ಲರ ಬಾಯಿಗೂ ಹೊಂದುವ ಭಕ್ತಿಗೀತೆ: ನನ್ನ ಅನುಭವ

ಕ್ರೈಸ್ತ ಭಕ್ತಿಗೀತೆ ಬರೆಯಲು ಕೂತಾಗ ನಾನು ಮೊದಲು ತೆರೆಯುವುದು ಬೈಬಲಿನ ಕೀರ್ತನೆಗಳನ್ನು. ಅದರಲ್ಲೂ 13ನೆಯದಕ್ಕೆ ಮತ್ತೆ ಮತ್ತೆ ಹೋಗುತ್ತೇನೆ. ಬರೀ ಆರು ವಚನ. ಮೊದಲ ಎರಡರಲ್ಲೇ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತಾನೆ ಕವಿ. ದೇವರು ನನ್ನನ್ನು ಮರೆತುಬಿಟ್ಟನಾ ಅಂತ ನೇರ ದೂರು. ಆಮೇಲೆ ಬೇಡಿಕೆ. ಕೊನೆಗೆ ‘ಹಾಡುತ್ತೇನೆ’ ಅನ್ನುವ ಮಾತು. ನಡುವೆ ಶತ್ರು ಬರುತ್ತಾನೆ, ಆದರೆ ಅವನು ಯಾರು ಅಂತ ಹೇಳಿಲ್ಲ. ಕಾಯಿಲೆ ಬಿದ್ದವರೂ ಸಾಲದಲ್ಲಿ ಸಿಕ್ಕಿಕೊಂಡವರೂ ಮಗುವನ್ನು ಕಳೆದುಕೊಂಡವರೂ ಅದನ್ನು ತಮ್ಮದೇ ಅಂತ ಹಾಡಬಹುದು, ಅಲ್ವಾ? ಭಕ್ತಿಗೀತೆ ಶತಮಾನಗಳ ಕಾಲ ಬದುಕುವುದು ಹೀಗೆ, ಹಾಡುವವರಿಗೆ ಒಳಗೆ ಜಾಗ ಬಿಟ್ಟಾಗ.

ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು, ಆಮೇಲೆ ಪಾದ್ರಿಯಾದ. ‘ಅಮೇಜಿಂಗ್ ಗ್ರೇಸ್’ ಅವನು 1773ರ ಹೊಸ ವರ್ಷಕ್ಕೆಂದು ತನ್ನ ಚರ್ಚಿನ ಸಭೆಗೆ ಬರೆದ ಹಾಡು. ಅದರಲ್ಲಿ ಹಡಗೂ ಇಲ್ಲ, ಸಮುದ್ರವೂ ಇಲ್ಲ. ದಾರಿ ತಪ್ಪಿದ್ದೆ, ಸಿಕ್ಕಿದೆ ಅನ್ನುತ್ತಾನೆ, ಅಷ್ಟೇ.

ನಾನೂ ಹಾಗೇ ಮಾಡುತ್ತೇನೆ. ಮೊದಲು ನನ್ನ ನೋವನ್ನೆಲ್ಲ ವಿವರವಾಗಿ, ಸುಮ್ನೆ ಗದ್ಯದಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ನನಗೊಬ್ಬನಿಗೇ ಸೇರಿದ್ದನ್ನು ತೆಗೆಯುತ್ತೇನೆ. ಹಾಗಂತ ‘ಸಂಕಟ’, ‘ದುಃಖ’ ಅಂತ ಬರೀ ದೊಡ್ಡ ಮಾತು ಇಟ್ಟರೆ ಯಾರಿಗೂ ತಾಗುವುದಿಲ್ಲ. ‘ನಿದ್ದೆ ಬಾರದ ರಾತ್ರಿ’ ಎಂದರೆ ತಾಗುತ್ತದೆ. ಅದು ಎಲ್ಲರಿಗೂ ಗೊತ್ತಿರುವ ರಾತ್ರಿ.

ಇನ್ನು ಧಾಟಿ. ಇಂಗ್ಲಿಷ್ ಹಾಡುಗಳಲ್ಲಿ 8-6-8-6ರ ಒಂದು ಹಳೆಯ ಅಚ್ಚು ಇದೆ, ಅಂದರೆ ನಾಲ್ಕು ಸಾಲುಗಳಲ್ಲಿ ಕ್ರಮವಾಗಿ ಅಷ್ಟಷ್ಟು ಉಚ್ಚಾರಾಂಶಗಳು. ಆ ಅಳತೆಯ ಯಾವ ಹಾಡನ್ನಾದರೂ ಅದೇ ಅಳತೆಯ ಯಾವ ಧಾಟಿಗೆ ಬೇಕಾದರೂ ಕೂರಿಸಬಹುದು. ನ್ಯೂಟನ್‌ನ ಹಾಡಿಗೆ ಈಗಿನ ಧಾಟಿ ಸೇರಿದ್ದು 1835ರಲ್ಲಿ, ಅವನು ತೀರಿಕೊಂಡ ಮೇಲೆ.

ಕನ್ನಡದಲ್ಲಿ ಅಕ್ಷರ ಎಣಿಸಿದರೆ ಸಾಲದು, ಎಳೆತ ನೋಡಬೇಕು. ‘ಬಲ ನೀಡು ದೇವಾ’ ಅಂತ ಬರೆದು, ಮೊದಲ ಅಕ್ಷರ ಉದ್ದದ ಸ್ವರಕ್ಕೆ ಬಿದ್ದರೆ ಸಭೆ ‘ಬಾಲ ನೀಡು’ ಅಂತ ಹಾಡುತ್ತದೆ. ಪ್ರಾರ್ಥನೆಯೇ ಕೆಟ್ಟಿತು. ಅಂಥ ಕಡೆ ‘ಧೈರ್ಯ’ದಂಥ, ಗುರುವಿನಿಂದ ಅಂದರೆ ಎಳೆದು ಹೇಳುವ ಅಕ್ಷರದಿಂದ ಶುರುವಾಗುವ ಪದ ಹುಡುಕುತ್ತೇನೆ. ಉಸಿರು ನಿಲ್ಲುವ ಕಡೆಯೇ ಅರ್ಥವೂ ನಿಲ್ಲಬೇಕು. ‘ನೀನು ಬಿಡುವವನು’ ಅಂತ ಒಂದು ಸಾಲು ಮುಗಿದು, ‘ಅಲ್ಲ’ ಮುಂದಿನ ಸಾಲಿಗೆ ಹೋದರೆ, ಆ ಒಂದು ಉಸಿರಿನಷ್ಟು ಹೊತ್ತು ಸಭೆ ಉಲ್ಟಾ ಹಾಡಿದ ಹಾಗಾಯಿತು. ಪ್ರಾಸ ನನಗೆ ಇಷ್ಟ, ಆದರೆ ಅದಕ್ಕಾಗಿ ದೇವರ ಬಗ್ಗೆ ಸುಳ್ಳು ಹೇಳುವುದಿಲ್ಲ.

ಜಾಸ್ತಿ ಕಷ್ಟ ಕೊಡುವುದು ಕೊನೆಯ ಚರಣ. ಎಲ್ಲ ಸರಿಹೋಯಿತು ಅಂತ ಮುಗಿಸುವ ಆಸೆ ಬರುತ್ತದೆ. ಆಗ 88ನೇ ಕೀರ್ತನೆ ಓದುತ್ತೇನೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಪವಿತ್ರ ಗ್ರಂಥದಲ್ಲಿ ಅದಕ್ಕೆ ಜಾಗವಿದೆ. ಶವಸಂಸ್ಕಾರಕ್ಕೆ ಹಾಡು ಬರೆದುಕೊಡಿ ಅಂತ ಯಾರಾದರೂ ಕೇಳಿದರೆ ಕೊನೆಯ ಚರಣವನ್ನು ಬೇಡಿಕೆಯಲ್ಲೇ ನಿಲ್ಲಿಸುತ್ತೇನೆ. ‘ಆಮೆನ್’ ಮಾತ್ರ ಸೇರಿಸುತ್ತೇನೆ.